ಟಾಪಿಕ್ ಇದೆ, ಪ್ರಶ್ನೆ ಎಲ್ಲಿ? ಓಬವ್ವನ ಕಿಂಡಿ ನೋಡಿ ಕಲಿಯೋಣ

ಎಲ್ರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ಎಮ್ಮೆಸ್ಸಿ ನರ್ಸಿಂಗ್ ಓದ್ತಿರೋ ತಂಗಿ ಒಬ್ಳು ಮೆಸೇಜ್ ಹಾಕಿದ್ಲು, "ಅಕ್ಕಾ, ಐವಿ ಕ್ಯಾನುಲಾ (ಡ್ರಿಪ್ ಕೊಡೋಕೆ ನರಕ್ಕೆ ಹಾಕೋ ಸಣ್ಣ ಕೊಳವೆ) ಬಗ್ಗೆ ಥೀಸಿಸ್ ಮಾಡ್ತೀನಿ ಅಂದೆ, ಗೈಡ್ ಮೇಡಂ ಇದು ಟಾಪಿಕ್ಕು, ಪ್ರಶ್ನೆ ಅಲ್ಲ ಅಂತ ವಾಪಸ್ ಕಳಿಸಿದ್ರು." ಮೇಡಂ ಹೇಳಿದ್ದು ಸರಿ ಕಣಮ್ಮ.

ಕ್ಯಾನುಲಾ ಇರೋ ನರ ಕೆಂಪಾಗಿ ಊದ್ಕೊಂಡು ನೋಯೋದೇ ಫ್ಲೆಬೈಟಿಸ್. ಅದು ಯಾಕಾಗುತ್ತೆ ಅನ್ನೋದೆಲ್ಲ ಟೆಕ್ಸ್ಟ್‌ಬುಕ್ ತೆಗೆದ್ರೆ ಸಿಗುತ್ತೆ, ಬಿಡೋಣ. ರಿಸರ್ಚಿಗೆ ಬೇಕಿರೋದು ನಾಳೆ ಡ್ಯೂಟೀಲಿ ನಾನು ಇದು ಮಾಡ್ಲಾ ಅದು ಮಾಡ್ಲಾ ಅನ್ನೋ ಪ್ರಶ್ನೆ. ಅದಕ್ಕೆ 1995ರಿಂದ ಬಳಕೆಲಿರೋ ಚೌಕಟ್ಟು ಪೀಕೋ (PICO): ಯಾವ ಪೇಶೆಂಟು, ಏನ್ ಮಾಡ್ತೀವಿ, ಯಾವುದಕ್ಕೆ ಹೋಲಿಸ್ತೀವಿ, ಕೊನೆಗೆ ಏನ್ ಅಳೀತೀವಿ.

ಈಗ ನಿಮ್ಮೂರ ಕೋಟೆಗೇ ಬನ್ನಿ. ಓಬವ್ವನ ಕಿಂಡೀಲಿ ಇವತ್ತಿಗೂ ಮೈ ಮುದುಡ್ಕೊಂಡೇ ನುಸುಳ್ಬೇಕು. ಹೈದರಾಲಿ ದಂಡು ಎಷ್ಟೇ ದೊಡ್ಡದಿರ್ಲಿ, ಅಲ್ಲಿ ಒಬ್ಬೊಬ್ರೇ ತಲೆ ತಗ್ಗಿಸಿ ಬರ್ಬೇಕಿತ್ತು, ಅದಕ್ಕೇ ಒಂದು ಒನಕೆ ಸಾಕಾಯ್ತು. ವೈದ್ಯಕೀಯ ಪೇಪರ್ ಹುಡುಕೋ ವೆಬ್‌ಸೈಟ್ ಪಬ್‌ಮೆಡ್ಡಲ್ಲಿ ಬರೀ ಕ್ಯಾನುಲಾ ಅಂತ ಹಾಕಿ ನೋಡಿ, ಪೇಪರ್‌ಗಳು ದಂಡುಗಟ್ಟಿ ನುಗ್ತವೆ. ಪೀಕೋದ ಒಂದೊಂದು ಭಾಗ ಸೇರಿಸ್ತಾ ಹೋದಂಗೆ ಕಿಂಡಿ ಸಣ್ಣದಾಗುತ್ತೆ, ಆಮೇಲೆ ಒಂದೊಂದನ್ನೇ ಹಿಡಿದು ಓದಬಹುದು.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಒಂದಿದೆ. ನರನೇ ಸಿಗದ ಅಜ್ಜಿ ಕೈ, ಕ್ಯಾನುಲಾ ಹಾಕಿ ಮೂರನೇ ದಿನ, ಕೆಂಪಾಗಿಲ್ಲ, ಊತ ಇಲ್ಲ, ಡ್ರಿಪ್ ಚೆನ್ನಾಗೇ ಹೋಗ್ತಿದೆ, ಆದ್ರೂ ದಿನ ಆಯ್ತು ಅಂತ ಕಿತ್ತು ಮತ್ತೆ ಚುಚ್ಚಬೇಕಾ? ಆಸ್ಟ್ರೇಲಿಯಾದ ನರ್ಸಿಂಗ್ ಪ್ರೊಫೆಸರ್ ಕ್ಲೇರ್ ರಿಕಾರ್ಡ್ ಮತ್ತವರ ತಂಡ ಇದನ್ನೇ ಕೇಳಿ, ಕ್ವೀನ್ಸ್‌ಲ್ಯಾಂಡಿನ 3 ಆಸ್ಪತ್ರೇಲಿ 3,283 ಪೇಶೆಂಟುಗಳನ್ನ ನೋಡಿ 2012ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ್ರು. ಮೂರನೇ ದಿನಕ್ಕೆ ಬದಲಾಯಿಸಿದ 1,690 ಜನರಲ್ಲಿ ಫ್ಲೆಬೈಟಿಸ್ ಆಗಿದ್ದು 114 ಜನಕ್ಕೆ. ತೊಂದ್ರೆ ಕಂಡಾಗ ಮಾತ್ರ ಬದಲಾಯಿಸಿದ 1,593 ಜನರಲ್ಲಿ? ಅಲ್ಲೂ 114! ಎರಡೂ ಕಡೆ ಶೇ. 7. ಅಂದ್ರೆ ಆ ಅಜ್ಜಿಗೆ ಮತ್ತೊಂದು ಚುಚ್ಚು ಬೇಕಿರ್ಲಿಲ್ಲ. ಈ ಪ್ರಶ್ನೆ ವಾರ್ಡಲ್ಲಿ ನಿಂತವರಿಗಲ್ದೆ ಇನ್ಯಾರಿಗೆ ಹೊಳೀಬೇಕು ಹೇಳಿ.

ಟೈಮ್ ಕಮ್ಮಿ ಇದೆ, ಉಳಿದಿದ್ದು ಬೇಗ ಹೇಳ್ತೀನಿ: ಎಷ್ಟು ದಿನದೊಳಗೆ ಅಳೀತೀರಿ ಅಂತ ಸೇರಿಸಿದ್ರೆ ಅದು ಪೀಕಾಟ್ (PICOT), ನೋವು ಅನುಭವ ಇಂಥದ್ದು ತಿಳ್ಕೋಬೇಕಂದ್ರೆ ಹೋಲಿಕೆ ಬೇಕಂತೇನಿಲ್ಲ, ಮತ್ತೆ ನಿಮ್ಮ ಕೋರ್ಸಿನ ಅವಧೀಲಿ ಅಷ್ಟು ಪೇಶೆಂಟ್ ಸಿಗ್ತಾರಾ ಅಂತ ಮೊದ್ಲೇ ಲೆಕ್ಕ ಹಾಕಿ.

ತಂಗೀ, ನಿನಗೊಂದು ಪ್ರಶ್ನೆ ಬರ್ದಿದೀನಿ: ಮೆಡಿಕಲ್ ವಾರ್ಡಿನ 60 ದಾಟಿದ ಪೇಶೆಂಟುಗಳಲ್ಲಿ ಪ್ರತಿ ಶಿಫ್ಟಿಗೆ ಕ್ಯಾನುಲಾ ಜಾಗ ನೋಡಿ ಕೆಂಪು, ಊತ ಎಷ್ಟಿದೆ ಅಂತ ಸ್ಕೋರ್ ಬರೆದ್ರೆ, ಈಗ ನೋಡೋ ರೀತಿಗಿಂತ ಫ್ಲೆಬೈಟಿಸ್ ಬೇಗ ಗೊತ್ತಾಗುತ್ತಾ? ಇದನ್ನ ತಗೊಂಡು ಮೇಡಂ ಹತ್ರ ಹೋಗು, ಅವರೇನಂದ್ರು ಅಂತ ನನಗೂ ಹೇಳು.