ಹದ್ದು, ಮಡಕೆ, ನೀರು: ಚಿತ್ರವಾಗಿ ಉಳಿದ ಹೆಸರುಗಳು

ಕೇಳುಗರಿಗೆ ನಮಸ್ಕಾರ. ಕಣ್ಣಿಗೆ ಕಾಣಬೇಕಾದ ಸಂಗತಿಯೊಂದನ್ನು ಇಂದು ಕಿವಿಗೆ ಹೇಳಹೊರಟಿದ್ದೇನೆ. ಸ್ವಲ್ಪ ಕಲ್ಪನೆ ನಿಮ್ಮದೂ ಇರಲಿ.

ಮೆಕ್ಸಿಕೊದ ಪುವೆಬ್ಲಾ ಸೀಮೆಯಲ್ಲಿ ವೆಶೋಟ್ಸಿಂಕೊ ಎಂಬ ಊರಿದೆ. 1521ರಲ್ಲಿ ಅಜ್ಟೆಕ್ ರಾಜಧಾನಿ ಸ್ಪೇನಿನವರ ವಶವಾಯಿತು. 1560ರಲ್ಲಿ ಈ ಊರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಕಂದಾಯ ಕೊಡುವವರ ಭಾರಿ ಪಟ್ಟಿಯೊಂದು ಸಿದ್ಧವಾಯಿತು. ಈಗ ಅದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಪುಟದ ತುಂಬ ಸಾಲುಸಾಲಾಗಿ ಪುಟ್ಟ ತಲೆಗಳು. ತಲೆಯ ಪಕ್ಕದಲ್ಲಿ ಹದ್ದೋ ಹೂವೋ ಕಲ್ಲೋ ಬಾವುಟವೋ. ಆ ಚಿತ್ರವೇ ಆ ಮನುಷ್ಯನ ಹೆಸರು.

ಜ್ಞಾನಸ್ನಾನದಲ್ಲಿ ಪಾದ್ರಿಗಳು ಕೊಟ್ಟ ಹುವಾನ್, ಪೆದ್ರೊ ಮುಂತಾದ ಹೆಸರುಗಳನ್ನು ಅಕ್ಷರದಲ್ಲಿ ಬರೆದಿದ್ದಾರೆ. ಆದರೆ ಊರಿನ ತುಂಬ ಹುವಾನರೇ ಇದ್ದರೆ ಕಂದಾಯ ಬಾಕಿ ಉಳಿಸಿಕೊಂಡವನು ಯಾವ ಹುವಾನ? ಅದನ್ನು ಹೇಳಲು ಹದ್ದೇ, ಅಂದರೆ ಅಜ್ಟೆಕರ ನಾವಾಟ್ಲ್ ಭಾಷೆಯಲ್ಲಿ ಹದ್ದು ಎಂಬರ್ಥದ ಅವನ ಹಳೆಯ ಹೆಸರಾದ ಕ್ವಾವ್‌ಟ್ಲಿಯೇ, ಬರಬೇಕಾಯಿತು. ಸಾಮಾನ್ಯ ರೈತರ ಹೆಸರುಗಳನ್ನು ಕಾಪಾಡಿದ್ದು ವಸೂಲಿಯ ಆಸೆ! ಹೆಣ್ಣುಮಕ್ಕಳಿಗೆ ಮಾತ್ರ ಹೆಸರಿನಲ್ಲೂ ಜಿಪುಣತನ: ಚೊಚ್ಚಲ ಮಗಳು ತೆಯಾಕಪಾನ್, ನಡುವಿನವಳು ಟ್ಲಾಕೊ, ಕಿರಿಯವಳು ಶೋಕೊ.

ಚಿತ್ರ ಕಂಡಾಗ ವಸ್ತುವನ್ನಷ್ಟೇ ನೋಡಿದರೆ ಸಾಲದು, ಸದ್ದನ್ನೂ ಕೇಳಬೇಕು. ಇಟ್ಸ್‌ಕೋವಾಟ್ಲ್ ಎಂದರೆ ಕಪ್ಪು ಗಾಜುಗಲ್ಲಿನ ಹಾವು. ಆ ಹೆಸರಿನ ಅರಸನನ್ನು ಸೂಚಿಸಲು ಮೈಮೇಲೆ ಗಾಜುಗಲ್ಲಿನ ಅಲಗುಗಳಿರುವ ಹಾವನ್ನು ಬಿಡಿಸುತ್ತಿದ್ದರು. ಆದರೆ ಟೆಪೆಟ್ಲಾವೊಸ್ಟೋಕ್ ಊರಿನ ಜಮೀನು ದಾಖಲೆಯಾದ ವೆರ್ಗಾರಾ ಹಸ್ತಪ್ರತಿಯಲ್ಲಿ ಅದೇ ಹೆಸರಿಗೆ ಹಾವೇ ಇಲ್ಲ. ಗಾಜುಗಲ್ಲಿನಿಂದ ‘ಇಟ್ಸ್’, ಕೋಮಿಟ್ಲ್ ಎಂಬ ಮಡಕೆಯಿಂದ ‘ಕೋ’, ಆಟ್ಲ್ ಎಂಬ ನೀರಿನಿಂದ ‘ಆ’. ಮಡಕೆಗೂ ನೀರಿಗೂ ಅಲ್ಲಿ ಅರ್ಥದ ಹಂಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಸಂಗ್ರಾಹಕ ಓಬ್ಯಾಂ ಈ ಗುಟ್ಟಿನ ಕಡೆ ವಿದ್ವಾಂಸರ ಗಮನ ಸೆಳೆದ. ಆಮೇಲೂ ಇದನ್ನು ಬರಿಯ ಚಿತ್ರವೆಂದು ಕರೆಯುವವರ ಹಟ ನನಗೆ ಅರ್ಥವಾಗುವುದಿಲ್ಲ.

ಹೊಸ ದೊರೆಗಳೂ ಈ ಕುಂಚದಿಂದ ತಪ್ಪಿಸಿಕೊಳ್ಳಲಿಲ್ಲ. ಸ್ಪೇನಿನ ದಂಡನಾಯಕ ಪೆದ್ರೊ ದೆ ಅಲ್ವರಾಡೊನನ್ನು ನಾವಾಟ್ಲ್ ಆಡುವ ಜನ ತೊನಾತಿಯು, ಅಂದರೆ ಸೂರ್ಯ, ಎಂದು ಕರೆಯುತ್ತಿದ್ದರು. ಆದ್ದರಿಂದ ಅವನ ಪಕ್ಕದಲ್ಲಿ ಸೂರ್ಯನ ಚಿತ್ರ. ಮೊದಲ ವೈಸ್‌ರಾಯ್ ಆಂತೊನಿಯೊ ದೆ ಮೆಂದೋಸನ ವಿಷಯದಲ್ಲಿ ಅಷ್ಟು ಗೌರವ ಕಾಣುವುದಿಲ್ಲ. ನಾವಾಟ್ಲ್‌ನಲ್ಲಿ ‘ದ’ಕಾರವಿಲ್ಲವಾದ್ದರಿಂದ ಚಿತ್ರಕಾರ ‘ಮೆಟ್ಲ್’ ಎಂಬ ಕತ್ತಾಳೆಯಿಂದ ‘ಮೆ’ಯನ್ನೂ ‘ತೊಸಾನ್’ ಎಂಬ ಬಿಲ ತೋಡುವ ದಂಶಕದಿಂದ ‘ತೊಸಾ’ವನ್ನೂ ತೆಗೆದುಕೊಂಡು, ಸ್ಪೇನ್ ದೊರೆಯ ಪ್ರತಿನಿಧಿಗೆ ಕತ್ತಾಳೆಯನ್ನೂ ಹೆಗ್ಗಣದಂಥ ಪ್ರಾಣಿಯನ್ನೂ ಜೋಡಿಸಿಬಿಟ್ಟ. ನಮಸ್ಕಾರ.