ಒಗ್ಗರಣೆ ಸಿಡಿದದ್ದು ಹೊಟ್ಟೆಗೆ ಹೇಗೆ ಗೊತ್ತಾಗುತ್ತದೆ?

[ಹತ್ತಿರದ ದೃಶ್ಯ: ಒಗ್ಗರಣೆ ಸೌಟು, ಕಾದ ಎಣ್ಣೆ. ಸಾಸಿವೆ ಚಟಪಟ. ಐದು ಸೆಕೆಂಡ್ ಮಾತಿಲ್ಲ, ಬರೀ ಸದ್ದು.]

ಕೇಳಿಸಿತಾ? ಈಗ ಇಂಗು ಬಿತ್ತು. ಕರಿಬೇವು ಚುರ್ ಎಂದಿತು. ಸೌಟನ್ನು ಹಾಗೇ ಸಾರಿಗೆ ಅದ್ದಿ ತಟ್ಟೆ ಮುಚ್ಚಿದ್ದೇನೆ. ನೀವಿನ್ನೂ ಕೈ ತೊಳೆದಿಲ್ಲ. ಆದರೂ ಬಾಯಲ್ಲಿ ನೀರೂರಿತು, ಅಲ್ವಾ?

ಬಾಯಿಯ ವಿಷಯ ಗೊತ್ತಿರುವುದೇ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ದಿನಕ್ಕೆ ಸುಮಾರು 1ರಿಂದ 1.5 ಲೀಟರ್ ಜೊಲ್ಲು ಬರುತ್ತದೆ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚುವುದನ್ನು ಸುಮ್ನೆ ನೋಡಿದರೂ ಸಾಕು.

ಮಜಾ ಇರುವುದು ಕೆಳಗೆ, ಹೊಟ್ಟೆಯಲ್ಲಿ. ಒಂದು ತುತ್ತೂ ಒಳಗೆ ಹೋಗಿಲ್ಲ. ಅಷ್ಟರಲ್ಲೇ ಅಲ್ಲಿ ಆಮ್ಲ ಸುರಿಯಲು ಶುರುವಾಗಿದೆ.

[ದೃಶ್ಯ: ಹಳೆಯ ಪ್ರಯೋಗಾಲಯದ ರೇಖಾಚಿತ್ರ]

ಇದನ್ನು ತೋರಿಸಿಕೊಟ್ಟವರು ರಷ್ಯಾದ ಇವಾನ್ ಪಾವ್ಲೋವ್. ಹೌದು, ಗಂಟೆ ಸದ್ದಿಗೇ ನಾಯಿ ಜೊಲ್ಲು ಸುರಿಸುವ ಪ್ರಯೋಗದ ಪಾವ್ಲೋವ್. ಆದರೆ 1904ರಲ್ಲಿ ಅವರಿಗೆ ನೊಬೆಲ್ ಬಂದಿದ್ದು ಗಂಟೆಗಲ್ಲ, ಜೀರ್ಣಕ್ರಿಯೆಯ ಕೆಲಸಕ್ಕೆ.

ಅವರು ನಾಯಿಯ ಅನ್ನನಾಳವನ್ನು ಕುತ್ತಿಗೆಯ ಹತ್ತಿರ ಕತ್ತರಿಸಿ ಹೊರಕ್ಕೆ ತಿರುಗಿಸಿದ್ದರು. ಹೊಟ್ಟೆಗೆ ಬೇರೆ ಕೊಳವೆ. ನಾಯಿ ಮಾಂಸ ಅಗಿದು ನುಂಗುತ್ತದೆ, ಅದು ಕುತ್ತಿಗೆಯಿಂದ ಮತ್ತೆ ಬಟ್ಟಲಿಗೇ ಬೀಳುತ್ತದೆ. ನಾಯಿ ಅದನ್ನೇ ಮತ್ತೆ ತಿನ್ನುತ್ತದೆ. ಇವತ್ತು ಕೇಳಿದರೆ ಕರುಳು ಕಿವುಚುತ್ತದೆ, ನಿಜ. ಹೊಟ್ಟೆ ಖಾಲಿಯೇ. ಆದರೂ ಐದಾರು ನಿಮಿಷದಲ್ಲಿ ಕೊಳವೆಯಿಂದ ರಸ ತೊಟ್ಟಿಕ್ಕಲು ಶುರು! ಮಾಂಸವನ್ನು ಬರೀ ತೋರಿಸಿದಾಗಲೂ ಬಂತು. ಅದೇ, ನಾಯಿಗೆ ಗೊತ್ತಾಗದ ಹಾಗೆ ಬ್ರೆಡ್ಡನ್ನು ನೇರ ಹೊಟ್ಟೆಗೆ ಇಟ್ಟರೆ ರಸ ಬರುವುದು ತುಂಬಾ ತಡ.

ಹಾಗಾದರೆ ಸುದ್ದಿ ಮುಟ್ಟಿಸಿದ್ದು ಯಾರು? ವೇಗಸ್ ನರ. ಮೆದುಳಿನಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಇಳಿಯುವ ಉದ್ದದ ತಂತಿ. ಪಾವ್ಲೋವ್ ಅದನ್ನು ಕತ್ತರಿಸಿದರು. ನಾಯಿ ಅಷ್ಟೇ ಆಸೆಯಿಂದ ತಿಂದಿತು, ರಸ ಮಾತ್ರ ಬರಲಿಲ್ಲ.

ನಮ್ಮಲ್ಲೂ ಇದೇ ತಂತಿ. ಕಣ್ಣು, ಮೂಗು, ಕಿವಿ, ನಾಲಿಗೆ ಕೊಟ್ಟ ಸುದ್ದಿ ಇದರಲ್ಲೇ ಇಳಿಯುತ್ತದೆ. ವೈದ್ಯಕೀಯ ಪಠ್ಯಗಳ ಲೆಕ್ಕದಲ್ಲಿ, ಒಂದು ಊಟಕ್ಕೆ ಹೊಟ್ಟೆ ಬಿಡುವ ಆಮ್ಲದಲ್ಲಿ ಸುಮಾರು 30 ಶೇಕಡಾ, ತುತ್ತು ಹೊಟ್ಟೆ ಸೇರುವ ಮೊದಲಿನ ಈ ಹಂತದ್ದು. ಮೇದೋಜೀರಕ ಗ್ರಂಥಿಯೂ ರಕ್ತದಲ್ಲಿ ಸಕ್ಕರೆ ಏರುವ ಮೊದಲೇ ಚೂರು ಇನ್ಸುಲಿನ್ ಬಿಡುತ್ತದೆ.

ಇದರಲ್ಲಿ ಮೂಗಿನ ಪಾಲು ಜಾಸ್ತಿ. ಶೀತ ಆದಾಗ ಅದೇ ಸಾರು ಸಪ್ಪೆ ಬಿಸಿನೀರಿನಂತೆ ಇರುತ್ತದಲ್ಲ? ನಾವು ರುಚಿ ಅನ್ನುವುದರಲ್ಲಿ ಬಹುಪಾಲು, ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ.

[ದೃಶ್ಯ: ಗಾಜಿನ ಬಾಟಲಿ, ತಿಳಿ ದ್ರವ]

ಅಂದ ಹಾಗೆ, ಪಾವ್ಲೋವರ ನಾಯಿಗಳಿಂದ ಸಿಕ್ಕ ಆ ರಸ ಚೆಲ್ಲಿ ಹೋಗಲಿಲ್ಲ. ಸೋಸಿ, ಬಾಟಲಿಗೆ ತುಂಬಿ, ಅಜೀರ್ಣಕ್ಕೆ ಔಷಧಿ ಅಂತ ಮಾರಿದರು. ಜನ ದುಡ್ಡು ಕೊಟ್ಟು ಕುಡಿದರು!