ಮಾನಕ್ಕಾಗಿ ಯುದ್ಧ ನ್ಯಾಯವೇ?

ಕೇಳುಗರಿಗೆ ನಮಸ್ಕಾರ.

1870ರ ಜುಲೈ 13. ಬಿಸಿನೀರ ಬುಗ್ಗೆಗಳ ಊರಾದ ಎಮ್ಸ್‌ನಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯದ ದೊರೆ ವಿಲ್‌ಹೆಲ್ಮ್ ವಾಯುವಿಹಾರಕ್ಕೆ ಹೊರಟಿದ್ದಾಗ ಫ್ರಾನ್ಸಿನ ರಾಯಭಾರಿ ಬೆನೆಡೆಟ್ಟಿ ಎದುರಾದ. ನಿಮ್ಮ ವಂಶದವರು ಇನ್ನೆಂದೂ ಸ್ಪೇನಿನ ಸಿಂಹಾಸನಕ್ಕೆ ಆಸೆಪಡಬಾರದು, ಮಾತು ಕೊಡಿ ಎಂದ. ದೊರೆ ಸೌಜನ್ಯದಿಂದಲೇ ನಿರಾಕರಿಸಿದ. ಈ ವರದಿ ತಂತಿಯಲ್ಲಿ ಬರ್ಲಿನ್ ಸೇರಿತು. ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ಅದನ್ನು ಕತ್ತರಿಸಿ ಪತ್ರಿಕೆಗಳಿಗೆ ಕೊಟ್ಟ. ಸುಳ್ಳು ಸೇರಿಸುವ ಅಗತ್ಯವೇ ಬರಲಿಲ್ಲ. ವಿನಯದ ಸಾಲುಗಳು ಹೋದ ಮೇಲೆ ಉಳಿದದ್ದು ಮುಖದ ಮೇಲೆ ಬಾಗಿಲು ಹಾಕಿದಂತೆ ಕೇಳಿಸಿತು. ಪ್ಯಾರಿಸ್ ಕೆರಳಿತು. 19ರಂದು ಫ್ರಾನ್ಸ್ ಯುದ್ಧ ಸಾರಿತು. ಸೆಪ್ಟೆಂಬರ್ 2ರ ಹೊತ್ತಿಗೆ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನೇ ಸೆಡಾನ್‌ನಲ್ಲಿ ಸೆರೆಸಿಕ್ಕಿದ್ದ. ಅಂದಹಾಗೆ, ಜಗಳಕ್ಕೆ ಕಾರಣನಾದ, ಸ್ಪೇನಿನ ಸಿಂಹಾಸನಕ್ಕೆ ಆ ವಂಶದಿಂದ ನಿಂತಿದ್ದ ಅಭ್ಯರ್ಥಿಯ ಹೆಸರನ್ನು ಜುಲೈ 12ರಂದೇ ಹಿಂದಕ್ಕೆ ಪಡೆಯಲಾಗಿತ್ತು!

ನ್ಯಾಯಯುದ್ಧಕ್ಕೆ ಹಳೆಯ ಒರೆಗಲ್ಲುಗಳಿವೆ: ಕಾರಣ ನ್ಯಾಯವಾಗಿರಬೇಕು, ಸಂಧಾನದ ದಾರಿಗಳು ಮುಗಿದಿರಬೇಕು, ಗೆಲ್ಲುವ ಭರವಸೆ ಇರಬೇಕು, ಯುದ್ಧದಿಂದಾಗುವ ಹಾನಿ ಅದು ತಡೆಯುವ ಹಾನಿಯನ್ನು ಮೀರಬಾರದು. ಮಾನದ ವಾದ ಎಡವುವುದು ಈ ಕೊನೆಯದರಲ್ಲಿ. ಕಳೆದುಕೊಂಡ ನೆಲಕ್ಕೆ ಅಳತೆಯಿದೆ. ಅದು ಮರಳಿ ಸಿಕ್ಕರೆ ಕದನ ನಿಲ್ಲಿಸಬಹುದು. ಅವಮಾನಕ್ಕೆ ಅಳತೆ ಎಲ್ಲಿದೆ? ಎಷ್ಟು ಹೆಣ ಬಿದ್ದರೆ ಅದು ತೀರಿತು ಎನ್ನೋಣ? ಸಾಲದ್ದಕ್ಕೆ, ಅರ್ಧದಲ್ಲಿ ಹಿಂದೆ ಸರಿದರೆ ಅದೇ ಇನ್ನೊಂದು ಅವಮಾನ.

1965ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಜಾನ್ ಮೆಕ್‌ನಾಟನ್ ವಿಯೆಟ್ನಾಂ ಯುದ್ಧದ ಗುರಿಗಳನ್ನು ಶೇಕಡಾ ಲೆಕ್ಕದಲ್ಲಿ ಬರೆದಿಟ್ಟ: ಅವಮಾನಕರ ಸೋಲು ತಪ್ಪಿಸಲು 70, ದಕ್ಷಿಣ ವಿಯೆಟ್ನಾಂ ಚೀನಾದ ಕೈಸೇರದಿರಲು 20, ಅಲ್ಲಿನ ಜನರ ಒಳ್ಳೆಯ ಬದುಕಿಗೆ 10. ಅಮೆರಿಕದ ಪಡೆಗಳು ಅಲ್ಲಿಂದ ಹೊರಬಿದ್ದದ್ದು 1973ರಲ್ಲಿ.

ಹಾಗೆಂದು ಮಾನವನ್ನು ಪೂರ್ತಿ ತಳ್ಳಿಹಾಕಲಾಗದು. 1943ರ ಏಪ್ರಿಲ್ 19ರಂದು ಪೋಲೆಂಡಿನ ವಾರ್ಸಾ ಘೆಟ್ಟೋದ, ಅಂದರೆ ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ಕೇರಿಯ, ಯಹೂದಿಗಳು ನಾಜಿ ಪಡೆಯ ಮೇಲೆ ತಿರುಗಿಬಿದ್ದರು. ಕೈಯಲ್ಲಿದ್ದದ್ದು ಬಹುಪಾಲು ಪಿಸ್ತೂಲು, ಕೈಬಾಂಬು, ಪೆಟ್ರೋಲ್ ತುಂಬಿದ ಬಾಟಲಿ. ಗೆಲ್ಲುವ ಭರವಸೆಯ ಒರೆಗಲ್ಲಿಗೆ ಅವರು ನಿಲ್ಲುವುದಿಲ್ಲ. ಆದರೂ ಅದು ತಪ್ಪೆನ್ನಲು ನಾಲಿಗೆ ಏಳದು. ಸುಮ್ಮನಿದ್ದರೂ ಅವರಿಗೆ ಕಾದಿದ್ದದ್ದು ಟ್ರೆಬ್ಲಿಂಕಾ ಹತ್ಯಾಶಿಬಿರದ ವಿಷಾನಿಲವೇ. ಅದಕ್ಕಿಂತ ಮುಖ್ಯವಾಗಿ, ಅವರು ಪಣಕ್ಕಿಟ್ಟದ್ದು ತಮ್ಮದೇ ಜೀವವನ್ನು.

1870ರಲ್ಲಿ ಹಾಗಿರಲಿಲ್ಲ. ಯುದ್ಧದ ಹೊಣೆಯನ್ನು ಹಗುರ ಮನಸ್ಸಿನಿಂದ ಹೊರುತ್ತೇವೆ ಎಂದು ಫ್ರಾನ್ಸಿನ ಪ್ರಧಾನಿ ಒಲಿವಿಯೆ ಜುಲೈ 15ರಂದು ಸಂಸತ್ತಿನಲ್ಲಿ ಹೇಳಿದ. ಬಂದೂಕು ಹೊತ್ತು ಗಡಿಗೆ ಹೋಗಬೇಕಾದವನು ಅವನಲ್ಲ.